ಗೂಟದ ಮೆಂಡರ್

ಪೆನ್ಸಿಲ್ ಜೀವುವಾಗ ಮೆಂಡರಿನ ಬಾಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡು ಬರುವ ಸಿಪ್ಪೆಯನ್ನು ಕೂಡಿಡದ ಮಕ್ಕಳು ಕಡಿಮೆ. ಅಂಚಿನಲ್ಲಿ ಕೆಂಪೋ ಹಸಿರೋ ಒಂದು ಗೆರೆ. ಮುಟ್ಟಿದರೆ ಮುರಿಯುವಷ್ಟು ತೆಳು. ನಾವು ಚಿಕ್ಕವರಿದ್ದಾಗ ಅದನ್ನು ಹಾಲಿನಲ್ಲಿ ನೆನೆಸಿಟ್ಟರೆ ರಬ್ಬರ್ ಆಗುತ್ತದೆ ಎಂಬ ಮಾತು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹರಿದಾಡುತ್ತಿತ್ತು. ಎಲ್ಲರ ಕಂಪಾಸ್ ಪೆಟ್ಟಿಗೆಯಲ್ಲೂ ಒಂದಷ್ಟು ಸಿಪ್ಪೆ ಇರುತ್ತಿತ್ತು.

ಕಳೆದ ದಸರಾ ರಜೆಯಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ಇರುವ ಚಿಕ್ಕಪ್ಪನ ತೋಟಕ್ಕೆ ಹೋಗಿದ್ದೆ. ಜೊತೆಗೆ ಆರನೇ ತರಗತಿ ಓದುವ ನನ್ನ ಅಕ್ಕನ ಮಗಳು. ಪಂಪ್‌ಸೆಟ್ ಮನೆಯ ಮುಂದೆ ಅಂಥದೇ ಸಿಪ್ಪೆ ರಾಶಿ ಬಿದ್ದಿತ್ತು. ಒಂದೊಂದೂ ಅವಳ ಅಂಗೈಗಿಂತ ಅಗಲ. ಅಂಚಿನಲ್ಲಿ ಬಣ್ಣದ ಗೆರೆಯ ಬದಲು ತೊಗಟೆಯ ಕಂದು ಗೆರೆ. ಹಸಿ ಮರದ್ದಾದ್ದರಿಂದ ಕೈಗೆ ತಣ್ಣಗೆ ತಾಗುತ್ತಿತ್ತು. ಅವಳು ಒಂದನ್ನು ಎತ್ತಿ ಬಿಸಿಲಿಗೆ ಹಿಡಿದು, "ಇಷ್ಟು ದೊಡ್ಡ ಪೆನ್ಸಿಲ್ ಯಾರದು?" ಎಂದು ಕೇಳಿದಳು.

ಪೆನ್ಸಿಲ್ ಟೊಮೆಟೊ ಗಿಡದ್ದು. ಕೋಲಾರದ ಕಡೆ ಟೊಮೆಟೊ ಹೊಲ ನೋಡಿದವರಿಗೆ ಗೊತ್ತು, ಗಿಡಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಸಾಲು ಸಾಲು ಕಡ್ಡಿಗಳು. ಅಲ್ಲಿ ಅವನ್ನು ಕಡ್ಡಿ ಅನ್ನುತ್ತಾರೆ. ನಿಜಕ್ಕೂ ಅವು ನೀಲಗಿರಿ ಅಥವಾ ಸರ್ವೆ ಮರದ ಗೂಟಗಳು. ಟೊಮೆಟೊ ಗಿಡಕ್ಕೆ ತನ್ನ ಕಾಯಿಯ ಭಾರ ಹೊರುವ ಶಕ್ತಿ ಇಲ್ಲ. ಬಿಟ್ಟರೆ ನೆಲಕ್ಕೆ ಮಲಗುತ್ತದೆ, ಒದ್ದೆ ಮಣ್ಣು ತಾಗಿದ ಹಣ್ಣು ಕೊಳೆಯುತ್ತದೆ. ಅದಕ್ಕೇ ಗೂಟ ನೆಟ್ಟು, ತಂತಿ ಎಳೆದು, ಹುರಿಯಿಂದ ಗಿಡವನ್ನು ಮೇಲಕ್ಕೆ ಕಟ್ಟುತ್ತಾರೆ. ಹೊಲವೊಂದಕ್ಕೆ ಗೂಟ ಸಾವಿರಾರು ಬೇಕು, ಪ್ರತಿಯೊಂದಕ್ಕೂ ಮೊನೆ ಬೇಕು. ಮಚ್ಚಿನಲ್ಲಿ ಕೆತ್ತಿ ಕೆತ್ತಿ ಚಿಕ್ಕಪ್ಪನ ಬಲ ಭುಜ ನೋಯಲು ಶುರುವಾದ ಮೇಲೆ ಡ್ರಿಲ್‌ಗೆ ಸಿಕ್ಕಿಸುವ ಈ ದೊಡ್ಡ ಮೆಂಡರನ್ನು ತರಿಸಿದ್ದರು.

ಮೆಂಡರಿನ ಕಡೆ ಹೋಗುವ ಮೊದಲು ಮೊನೆಯ ವಿಷಯ ಮುಗಿಸೋಣ. ಗೂಟಕ್ಕೆ ಮೊನೆ ಯಾಕೆ ಬೇಕು? "ಚುಚ್ಚಲಿಕ್ಕೆ" ಎಂದು ನೀವು ಹೇಳುತ್ತೀರಿ. ಸರಿ, ಚೂಪಾದದ್ದು ಯಾಕೆ ಚುಚ್ಚುತ್ತದೆ?

ಚಿಕ್ಕಪ್ಪನ ಗೂಟದ ದಪ್ಪ 4 ಸೆಂಟಿಮೀಟರ್. ಮೊನೆಯ ಕಟ್ಟಕಡೆಯ ತುದಿ ಜೋಳದ ಕಾಳಿನಷ್ಟು, ಅರ್ಧ ಸೆಂಟಿಮೀಟರ್. ಅಂದರೆ ತುದಿಯ ಅಗಲ ಗೂಟದ ಅಗಲದ ಎಂಟನೇ ಒಂದು ಭಾಗ. ಅಗಲ ಎಂಟು ಪಟ್ಟು ಕಡಿಮೆಯಾದರೆ ಅದು ಮಣ್ಣಿಗೆ ತಾಗುವ ಜಾಗ ಎಂಟೆಂಟಲ 64 ಪಟ್ಟು ಕಡಿಮೆಯಾಗುತ್ತದೆ. ಕೊಡತಿಯ ಏಟು ಅದೇ, ಆದರೆ ಆ ಏಟೆಲ್ಲ 64 ಪಟ್ಟು ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಒಂದು ಜಾಗದ ಮೇಲೆ ಬಲ ಎಷ್ಟು ಒತ್ತಾಗಿ ಬೀಳುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಒತ್ತಡ ಎಂದು ಹೆಸರು. ತುದಿಯ ಕೆಳಗಿರುವ ಮಣ್ಣು 64 ಪಟ್ಟು ಒತ್ತಡ ತಡೆಯಲಾರದೆ ಜಾಗ ಬಿಡುತ್ತದೆ.

ಇದನ್ನು ಅಡುಗೆಮನೆಯಲ್ಲೇ ಅಳೆಯಬಹುದು. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚಪಾತಿ ಹಿಟ್ಟಿನ ದೊಡ್ಡ ಉಂಡೆ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿ. ಪೆನ್ಸಿಲ್ಲಿನ ಎರಡೂ ತುದಿಗಳಲ್ಲಿ ಅರ್ಧ ಸೆಂಟಿಮೀಟರಿಗೆ ಒಂದು ಗುರುತು ಹಾಕಿ. ಮೊದಲು ಮೊಂಡು ತುದಿಯನ್ನು ಹಿಟ್ಟಿನ ಮೇಲಿಟ್ಟು ಗುರುತಿನವರೆಗೆ ಒತ್ತಿ, ಒತ್ತುತ್ತಿರುವಾಗಲೇ ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೆ ಎಂದು ಬರೆದುಕೊಳ್ಳಿ. ಆಮೇಲೆ ಚೂಪು ತುದಿಯನ್ನು ಹೊಸ ಜಾಗದಲ್ಲಿ ಅಷ್ಟೇ ಆಳಕ್ಕೆ ಒತ್ತಿ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹಿಟ್ಟು ಗಟ್ಟಿಯಾಗಿದ್ದಷ್ಟೂ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ತುದಿ ಒಳಗೆ ಹೋದ ಮೇಲೆ ಅದರ ಹಿಂದಿನ ಇಳಿಜಾರಿನ ಕೆಲಸ ಶುರುವಾಗುತ್ತದೆ. ಮರ ಸೀಳುವವರು ಬಿರುಕಿಗೆ ಬೆಣೆ ಹೊಡೆಯುವುದನ್ನು ನೋಡಿದ್ದೀರಾ? ಬೆಣೆ ಕೆಳಗೆ ಹೋಗುತ್ತಾ ಮರವನ್ನು ಎರಡು ಪಕ್ಕಕ್ಕೆ ತಳ್ಳುತ್ತದೆ. ಗೂಟದ ಮೊನೆ ಎಲ್ಲ ಪಕ್ಕಕ್ಕೂ ತಳ್ಳುವ ಬೆಣೆ. ಪಕ್ಕಕ್ಕೆ ಸರಿದ ಮಣ್ಣು ಒತ್ತೊತ್ತಾಗಿ ಗಟ್ಟಿಯಾಗಿ, ಗೂಟವನ್ನು ಸುತ್ತಲಿಂದ ಹಿಡಿದುಕೊಳ್ಳುತ್ತದೆ. ಹಾರೆಯಲ್ಲಿ ಅಗಲವಾಗಿ ಗುಂಡಿ ತೋಡಿ ಮಣ್ಣು ತುಂಬಿದ ಗೂಟಕ್ಕಿಂತ, ಹೊಡೆದು ಇಳಿಸಿದ ಗೂಟ ಬಿಗಿಯಾಗಿ ನಿಲ್ಲುವುದು ಈ ಕಾರಣಕ್ಕೇ.

ಮಚ್ಚಿನಲ್ಲಿ ಅವಸರಕ್ಕೆ ಒಂದೇ ಪಕ್ಕ ಕೆತ್ತಿದ ಗೂಟ ಬೇರೆ ಆಟ ಆಡುತ್ತದೆ. ಇಳಿಜಾರು ಒಂದೇ ಕಡೆ ಇರುವುದರಿಂದ ಮಣ್ಣು ಆ ಕಡೆಯಿಂದ ಮಾತ್ರ ತಳ್ಳುತ್ತದೆ. ಮೊನೆ ಇನ್ನೊಂದು ಕಡೆಗೆ ಜಾರುತ್ತದೆ. ನೇರ ಹೊಡೆದರೂ ಗೂಟ ವಾಲುತ್ತದೆ. ಚಿಕ್ಕಪ್ಪನ ಹಳೆಯ ಸಾಲುಗಳಲ್ಲಿ ವಾಲಿದ ಗೂಟಗಳನ್ನು ಕಿತ್ತು ನೋಡಿದೆವು. ಮೂರರಲ್ಲಿ ಮೂರೂ ಒಂದೇ ಪಕ್ಕ ಕೆತ್ತಿದವು.

ಮರದ ಕೋಲಿಗೆ ಮೊನೆ ಮಾಡುವ ವಿದ್ಯೆ ಎಷ್ಟು ಹಳೆಯದು ಗೊತ್ತೇ? 1911ರಲ್ಲಿ ಇಂಗ್ಲೆಂಡಿನ ಕ್ಲಾಕ್ಟನ್ ಎಂಬ ಕಡಲೂರಿನಲ್ಲಿ ಯೂ ಮರದ ಒಂದು ಮುರಿದ ತುಂಡು ಸಿಕ್ಕಿತು. ಅದು ಈಟಿಯೊಂದರ ಮೊನೆ. ವಯಸ್ಸು ಸುಮಾರು 4 ಲಕ್ಷ ವರ್ಷ. ನಮ್ಮಂಥ ಮನುಷ್ಯರು ಹುಟ್ಟುವುದಕ್ಕೂ ಮೊದಲು ಬದುಕಿದ್ದ ಯಾರೋ ಕಲ್ಲಿನ ಚಕ್ಕೆ ಹಿಡಿದು, ಕೂತು, ಹೆರೆದು ಮಾಡಿದ್ದು. ಈಗ ಅದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಮರ ಅಷ್ಟು ಕಾಲ ಉಳಿಯುವುದೇ ಅಪರೂಪ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ಆ ಕೈಗಳ ನೆನಪಾಗುತ್ತದೆ: ಅವರೂ ಮೊನೆಯನ್ನು ತಿರುಗಿಸಿ ತಿರುಗಿಸಿ, ಎಲ್ಲ ಪಕ್ಕ ಸಮ ಬಂತೇ ಎಂದು ಒಂದು ಕಣ್ಣು ಮುಚ್ಚಿ ನೋಡಿರಬೇಕು.

ಈಗ ಮೆಂಡರಿಗೆ ಬರೋಣ. ನಿಮ್ಮ ಕಂಪಾಸ್ ಪೆಟ್ಟಿಗೆಯ ಮೆಂಡರನ್ನು ತೆಗೆದು ಎದುರಿಗಿಟ್ಟುಕೊಳ್ಳಿ. ಪೆನ್ಸಿಲ್ ತೂರಿಸುವ ತೂತು ಒಳಗೆ ಹೋಗುತ್ತಾ ಕಿರಿದಾಗುತ್ತದೆ, ಸೀಮೆಎಣ್ಣೆ ಹುಯ್ಯುವ ಲಾಳಿಕೆಯ ಹಾಗೆ. ಲಾಳಿಕೆಯ ಒಂದು ಪಕ್ಕ ಸೀಳಿದೆ. ಆ ಸೀಳಿನ ಮೇಲೆ ಅಲಗೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದಾರೆ. ಅಲಗಿನ ಬಾಯಿ ಲಾಳಿಕೆಯ ಒಳಗೋಡೆಗಿಂತ ಕೂದಲೆಳೆಯಷ್ಟು ಮಾತ್ರ ಒಳಗೆ ಇಣುಕುತ್ತದೆ. ಇಷ್ಟೇ. ಚಿಕ್ಕಪ್ಪನ ಮೆಂಡರ್ ಕೂಡ ಇಷ್ಟೇ, ಆದರೆ ಲಾಳಿಕೆ ಸೇರಿನಷ್ಟು ದೊಡ್ಡದು, ಉಕ್ಕಿನದು, ಅಲಗು ಎರಡು, ಎದುರುಬದುರು. ಹಿಂದುಗಡೆ ಆರು ಮುಖದ ಒಂದು ಸರಳು. ಆ ಸರಳನ್ನು ಡ್ರಿಲ್ಲಿನ ಬಾಯಿಗೆ ಕೊಡಬೇಕು.

ಜೀವುವಾಗ ನೀವು ಪೆನ್ಸಿಲ್ ತಿರುಗಿಸುತ್ತೀರಿ, ಮೆಂಡರ್ ಸುಮ್ಮನಿರುತ್ತದೆ. ಚನ್ನಪಟ್ಟಣದಲ್ಲಿ ಬುಗುರಿ ಮಾಡುವವರು ಹಾಲೆ ಮರದ ತುಂಡನ್ನು ಯಂತ್ರದಲ್ಲಿ ತಿರುಗಿಸಿ, ಉಳಿಯನ್ನು ಸ್ಥಿರವಾಗಿ ಹಿಡಿಯುತ್ತಾರೆ. ಅದೂ ಅದೇ ಕ್ರಮ. ಆರಡಿ ಗೂಟವನ್ನು ಗಿರಗಿರ ತಿರುಗಿಸಲು ಹೋದರೆ ಪಕ್ಕದಲ್ಲಿ ನಿಂತವರ ಗತಿ ಏನು? ಆದ್ದರಿಂದ ಇಲ್ಲಿ ಗೂಟ ಸುಮ್ಮನೆ, ಮೆಂಡರ್ ತಿರುಗುತ್ತದೆ. ಯಾವುದು ತಿರುಗಿದರೂ ಮರಕ್ಕೂ ಅಲಗಿಗೂ ನಡುವೆ ನಡೆಯುವುದು ಒಂದೇ.

ಸಿಪ್ಪೆ ಬೀಸಣಿಗೆಯ ಆಕಾರದಲ್ಲೇ ಯಾಕೆ ಬರುತ್ತದೆ? ಕಡಲೆಕಾಯಿ ಕೊಡುವ ಕಾಗದದ ಪೊಟ್ಟಣ ತನ್ನಿ. ಬಾಯಿಯನ್ನು ಸಮಕ್ಕೆ ಕತ್ತರಿಸಿ, ತುದಿಯಿಂದ ಬಾಯಿಯವರೆಗೆ ಒಂದು ನೇರ ಗೆರೆಯಲ್ಲಿ ಸೀಳಿ, ನೆಲದ ಮೇಲೆ ಹರಡಿ. ಬೀಸಣಿಗೆ! ಮೊನೆ ಅನ್ನುವುದು ಒಂದರೊಳಗೊಂದು ಕೂತ ಇಂಥ ಪೊಟ್ಟಣಗಳ ರಾಶಿ ಎಂದುಕೊಳ್ಳಿ. ಅಲಗು ಹೊರಗಿನಿಂದ ಒಂದೊಂದೇ ಪೊಟ್ಟಣ ಬಿಚ್ಚುತ್ತಾ ಹೋಗುತ್ತದೆ. ಪೆನ್ಸಿಲ್ಲಿನ ಬಣ್ಣ, ಗೂಟದ ತೊಗಟೆ ಎರಡೂ ಹೊರಮೈಯಲ್ಲಿರುವುದರಿಂದ ಗೆರೆ ಯಾವಾಗಲೂ ಬೀಸಣಿಗೆಯ ಹೊರ ಅಂಚಿನಲ್ಲೇ ಬರುತ್ತದೆ.

ಹಾಗಿದ್ದರೆ ದೊಡ್ಡ ಮೆಂಡರನ್ನು ಕೈಯಲ್ಲೇ ತಿರುಗಿಸಬಾರದೇಕೆ, ಡ್ರಿಲ್ ಯಾಕೆ? ಅಕ್ಕನ ಮಗಳು ಇದನ್ನೂ ಕೇಳಿದಳು, ಲೆಕ್ಕವನ್ನೂ ಅವಳೇ ಮಾಡಿದಳು. ಪೆನ್ಸಿಲ್ಲಿನ ನಡುವಿನಿಂದ ಅಂಚಿಗೆ ಮೂರೂವರೆ ಮಿಲಿಮೀಟರ್. ಗೂಟದಲ್ಲಿ 20 ಮಿಲಿಮೀಟರ್. ಹತ್ತಿರ ಹತ್ತಿರ ಆರು ಪಟ್ಟು. ಪೆನ್ಸಿಲ್ಲಿನ ಮೊನೆ 2 ಸೆಂಟಿಮೀಟರ್ ಉದ್ದ, ಗೂಟದ್ದು 8. ಅಲಗು ಒಂದೇ ಸಲಕ್ಕೆ ನಾಲ್ಕು ಪಟ್ಟು ಮರ ಹೆರೆಯಬೇಕು. ಆರ್ನಾಲ್ಕಲ 24. ಸಿಪ್ಪೆ ಪೆನ್ಸಿಲ್ಲಿನದರಷ್ಟೇ ತೆಳುವಾಗಿದ್ದರೂ, ಮೆಂಡರನ್ನು ತಿರುಚಲು 24 ಪಟ್ಟು ಕಸುವು ಬೇಕು. ಸಿಪ್ಪೆ ಅದಕ್ಕಿಂತ ದಪ್ಪ, ಅಲಗು ಎರಡು, ಗೂಟ ಸಾವಿರ. ಕೈ ಸೋಲುತ್ತದೆ.

ಡ್ರಿಲ್ಲಿನೊಳಗೆ ಒಂದು ಪುಟ್ಟ ಮೋಟರ್ ಇದೆ. ಅದು ತುಂಬ ವೇಗವಾಗಿ ತಿರುಗುತ್ತದೆ, ಆದರೆ ಅದಕ್ಕೆ ತಿರುಚುವ ಕಸುವು ಕಡಿಮೆ. ಹಲ್ಲಿನ ಚಕ್ರಗಳು ಆ ವೇಗವನ್ನು ಇಳಿಸಿ ಕಸುವನ್ನು ಏರಿಸುತ್ತವೆ. ಗೇರಿನ ಸೈಕಲ್ ಇದ್ದವರಿಗೆ ಇದು ಗೊತ್ತು: ನಂದಿ ಬೆಟ್ಟ ಹತ್ತುವಾಗ ಯಾವ ಗೇರು ಹಾಕುತ್ತೀರಿ? ಪೆಡಲ್ ಬೇಗ ಬೇಗ ತುಳಿಯುತ್ತೀರಿ, ಚಕ್ರ ನಿಧಾನಕ್ಕೆ ಉರುಳುತ್ತದೆ, ಆದರೆ ಏರು ಹತ್ತುತ್ತದೆ. ಬಹಳಷ್ಟು ಬ್ಯಾಟರಿ ಡ್ರಿಲ್ಲುಗಳ ನೆತ್ತಿಯ ಮೇಲೆ 1 ಮತ್ತು 2 ಎಂದು ಬರೆದ ಒಂದು ಗುಂಡಿ ಇರುತ್ತದೆ. 1ರಲ್ಲಿ ನಿಮಿಷಕ್ಕೆ ಸುಮಾರು 400-500 ಸುತ್ತು, ಕಸುವು ಹೆಚ್ಚು. 2ರಲ್ಲಿ ಅದರ ಮೂರು ನಾಲ್ಕು ಪಟ್ಟು ಸುತ್ತು, ಕಸುವು ಕಡಿಮೆ. ಗೂಟಕ್ಕೆ 1.

ಮೊದಲ ದಿನ ಚಿಕ್ಕಪ್ಪ 2ರಲ್ಲಿ ಇಟ್ಟು, ಬೇಗ ಮುಗಿಯಲಿ ಎಂದು ಮೈಭಾರ ಹಾಕಿ ಒತ್ತಿದ್ದರಂತೆ. ಗೂಟದಲ್ಲಿ ಹಳೆಯ ಕೊಂಬೆಯ ಗಂಟೊಂದಿತ್ತು. ಅಲಗು ಗಂಟಿಗೆ ಕಚ್ಚಿಕೊಂಡು ನಿಂತಿತು, ಡ್ರಿಲ್ ನಿಲ್ಲಲಿಲ್ಲ. ಮೆಂಡರ್ ತಿರುಗಲಾರದ್ದಕ್ಕೆ ಡ್ರಿಲ್ಲೇ ತಿರುಗಿತು, ಜೊತೆಗೆ ಅವರ ಮಣಿಕಟ್ಟು. ಎರಡು ವಾರ ಕೈಗೆ ಬಟ್ಟೆ ಸುತ್ತಿಕೊಂಡು ಓಡಾಡಿದರು. ಡ್ರಿಲ್ ಮೆಂಡರನ್ನು ಒಂದು ಕಡೆಗೆ ತಿರುಚಿದರೆ, ಮೆಂಡರ್ ಡ್ರಿಲ್ಲನ್ನು ಅಷ್ಟೇ ಕಸುವಿನಿಂದ ಎದುರು ದಿಕ್ಕಿಗೆ ತಿರುಚುತ್ತದೆ. ನ್ಯೂಟನ್ನನ ಮೂರನೆಯ ನಿಯಮ ಓದುವಾಗ ಈ ಮಣಿಕಟ್ಟನ್ನು ನೆನೆಸಿಕೊಳ್ಳಿ. ಡ್ರಿಲ್ಲಿಗೆ ಪಕ್ಕದ ಹಿಡಿ ಕೊಟ್ಟಿರುವುದು ಎರಡೂ ಕೈಯಿಂದ ಹಿಡಿಯಲಿ ಎಂದೇ. ಕತ್ತಿನಲ್ಲಿ ಅಂಕಿ ಬರೆದ ಉಂಗುರ ಇದ್ದರೆ ಅದು ಕ್ಲಚ್. ಅದನ್ನು ಸರಿಯಾದ ಅಂಕಿಗೆ ಇಟ್ಟರೆ, ತಡೆ ಹೆಚ್ಚಾದಾಗ ಟಕಟಕ ಸದ್ದು ಮಾಡಿ ಕೈಬಿಡುತ್ತದೆ.

ಆಮೇಲಿಂದ ಅವರ ಕ್ರಮವೇ ಬೇರೆ. ಗೂಟವನ್ನು ಎರಡು ಮರದ ಕವೆಗಳ ಮೇಲೆ ಅಡ್ಡ ಮಲಗಿಸಿ, ಹಗ್ಗದಿಂದ ಬಿಗಿಯುತ್ತಾರೆ. ದುಂಡಗಿನ ವಸ್ತು ಕವೆಯಲ್ಲಿ ಎರಡು ಕಡೆ ತಾಗಿ ಕೂರುತ್ತದೆ, ಉರುಳುವುದಿಲ್ಲ. ಕಣ್ಣಿಗೆ ಕನ್ನಡಕ ಇರುತ್ತದೆ, ಸುತ್ತಿಕೊಳ್ಳಬಹುದಾದ ಟವೆಲ್ ಹೆಗಲ ಮೇಲೆ ಇರುವುದಿಲ್ಲ. ಮೆಂಡರನ್ನು ತುದಿಗೆ ತಾಗಿಸಿ ಮೊದಲು ನಿಧಾನ ತಿರುಗಿಸುತ್ತಾರೆ. ಸಿಪ್ಪೆ ಬರಲು ಶುರುವಾದ ಮೇಲೆ ಸ್ವಲ್ಪ ವೇಗ. ಒತ್ತುವುದಿಲ್ಲ, ಬರೀ ಜೊತೆಗೆ ಹೋಗುತ್ತಾರೆ. ಗಂಟು ಸಿಕ್ಕರೆ ಹಿಂದಕ್ಕೆ ಎಳೆದು ಮತ್ತೆ ಮೆಲ್ಲಗೆ. ಕಾಲು ನಿಮಿಷ ಆಗುವಷ್ಟರಲ್ಲಿ ಮೊನೆ ಸಿದ್ಧ. ನಾವು ದೂರದ ಹುಣಸೆ ಮರದ ಬುಡದಲ್ಲಿ ಕೂತು ನೋಡಬೇಕು, ಡ್ರಿಲ್ಲಿನಿಂದ ಬ್ಯಾಟರಿ ತೆಗೆದ ಮೇಲೆ ಹತ್ತಿರ ಬರಬಹುದು. ನಿಮ್ಮ ಮನೆಯಲ್ಲೂ ಇದೇ ನಿಯಮ ಇರಲಿ; ತಿರುಗುವ ಉಕ್ಕಿನ ಮುಂದೆ ನಾನೂ ಮೂರು ಮಾರು ದೂರವೇ.

ನಾವು ಹೋದ ಮೂರನೇ ದಿನ ಸಿಪ್ಪೆ ಬರುವುದು ನಿಂತಿತು. ಹಿಟ್ಟು ಬಂತು. ಸದ್ದು ಕೀರಲಾಯಿತು. ಮೊನೆಯ ಮೈ ನುಣುಪಾಗಿರುವ ಬದಲು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿ, ಹೊಗೆಯ ವಾಸನೆ ಬಂತು. ಚಿಕ್ಕಪ್ಪ ಬ್ಯಾಟರಿ ತೆಗೆದು ಪಕ್ಕಕ್ಕಿಟ್ಟು, "ಬಾಯಿ ಹೋಗಿದೆ" ಎಂದರು.

ಅಲಗನ್ನು ಬಿಚ್ಚಿ, ಭೂತಗನ್ನಡಿಯಲ್ಲಿ ನಮಗೆ ತೋರಿಸಿದರು. ಅಡ್ಡದಿಂದ ನೋಡಿದಾಗ ಅಕ್ಕನ ಮಗಳು "ಇದೂ ಗೂಟದ ಮೊನೆಯೇ!" ಎಂದು ಕೂಗಿದಳು. ಹೌದು. ಅಲಗಿನ ಬಾಯಿ ಅಂದರೆ ಉದ್ದಕ್ಕೆ ಎಳೆದ ಒಂದು ಮೊನೆ. ಗೂಟದ ಮೊನೆ ಮಣ್ಣಿಗೆ ಮಾಡುವುದನ್ನೇ ಅದು ಮರಕ್ಕೆ ಮಾಡುತ್ತದೆ: ಬಲವನ್ನು ಅತಿ ಚಿಕ್ಕ ಜಾಗಕ್ಕೆ ತಂದು ಒಳಹೊಕ್ಕು, ಬೆಣೆಯಾಗಿ ಸಿಪ್ಪೆಯನ್ನು ಮೇಲೆಬ್ಬಿಸುತ್ತದೆ. ಮೊನೆ ಮೊಂಡಾದರೆ ಗೂಟ ನೆಲಕ್ಕಿಳಿಯುವುದಿಲ್ಲ. ಬಾಯಿ ಮೊಂಡಾದರೆ ಅಲಗು ಮರಕ್ಕಿಳಿಯುವುದಿಲ್ಲ, ಬರೀ ಉಜ್ಜುತ್ತದೆ. ಚಳಿಗೆ ಅಂಗೈ ಉಜ್ಜಿಕೊಂಡರೆ ಬಿಸಿಯಾಗುವ ಹಾಗೆ ಉಜ್ಜಿದ ಮರ ಬಿಸಿಯಾಗಿ ಕಪ್ಪಾಗುತ್ತದೆ. ಬ್ಯಾಟರಿಯಲ್ಲಿದ್ದ ವಿದ್ಯುತ್ತು ಹೆರೆಯುವುದಕ್ಕೆ ಹೋಗುವ ಬದಲು ಹೊಗೆಗೆ ಹೋಗುತ್ತದೆ.

ಇಷ್ಟು ಬೇಗ ಬಾಯಿ ಹೋದದ್ದು ಯಾಕೆ? ಮರವೇನೂ ಉಕ್ಕಿಗಿಂತ ಗಟ್ಟಿಯಲ್ಲ. ತಪ್ಪು ಮರದ್ದಲ್ಲ, ಮರಳಿನದು. ಗೂಟಗಳನ್ನು ನೆಲದ ಮೇಲೆ ರಾಶಿ ಹಾಕಿದ್ದರು. ತೊಗಟೆಯ ಬಿರುಕುಗಳಲ್ಲಿ ಮಣ್ಣು ಕೂತಿತ್ತು. ಆ ಮಣ್ಣಿನಲ್ಲಿ ಮಿಣಮಿಣ ಹೊಳೆಯುವ ಮರಳಿನ ಕಣಗಳು ಬೆಣಚುಕಲ್ಲಿನ ಚೂರುಗಳು. ಬೆಣಚುಕಲ್ಲು ಗಾಜನ್ನೂ ಗೀರುತ್ತದೆ. ಅಲಗಿನ ತೆಳು ಬಾಯಿಗೆ ಅಂಥ ಒಂದೊಂದು ಕಣವೂ ಒಂದೊಂದು ಕಚ್ಚು. ಭೂತಗನ್ನಡಿಯಲ್ಲಿ ಆ ಕಚ್ಚುಗಳು ಇಲಿ ಕಡಿದ ಕಾಗದದಂತೆ ಕಂಡವು. ಹಾಗಾಗಿ ಮೆಂಡರಿನ ಆರೈಕೆ ಮೆಂಡರಿನಿಂದ ಶುರುವಾಗುವುದಿಲ್ಲ, ಗೂಟದಿಂದ ಶುರುವಾಗುತ್ತದೆ. ಅಂದಿನಿಂದ ನಮ್ಮಿಬ್ಬರಿಗೂ ಒಂದು ಕೆಲಸ ಸಿಕ್ಕಿತು: ತೆಂಗಿನ ನಾರಿನಿಂದ ಪ್ರತಿ ಗೂಟದ ತುದಿಯನ್ನೂ ತಿಕ್ಕಿ, ಎರಡು ಕಲ್ಲುಗಳ ಮೇಲೆ ನೆಲ ತಾಗದಂತೆ ಜೋಡಿಸುವುದು.

ಅಲಗಿನ ಮೇಲೆ ಮರದ ಅಂಟು ಕಂದು ಪದರವಾಗಿ ಕೂತಿತ್ತು. ಅದನ್ನು ಚಿಕ್ಕಪ್ಪ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರು. ಅಲ್ಲಲ್ಲಿ ನೀಲಿಗಪ್ಪು ಕಲೆಗಳೂ ಇದ್ದವು. ಅವು ಬಾಳೆಕಾಯಿ ಹೆಚ್ಚಿದ ಮೇಲೆ ಈಳಿಗೆಯ ಮೇಲೆ ಕಾಣುವ ಕಲೆಗಳೇ. ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಕಪ್ಪಾಗುತ್ತದಲ್ಲ, ಅದೂ ಇದೇ. ಮರದಲ್ಲಿ, ಕಾಯಿಯಲ್ಲಿ ಒಗರು ಕೊಡುವ ಟ್ಯಾನಿನ್ ಎಂಬ ವಸ್ತು ಕಬ್ಬಿಣದೊಂದಿಗೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಇದೇ ಜೋಡಿಯಿಂದ ಬರೆಯುವ ಶಾಯಿ ಮಾಡುತ್ತಿದ್ದರು. ಹಸಿ ಗೂಟ ಹೆರೆದು ಅಲಗನ್ನು ಒರೆಸದೆ ಇಟ್ಟರೆ ರಾತ್ರಿಯೆಲ್ಲ ಅಲಗಿನ ಮೇಲೆ ಶಾಯಿ ತಯಾರಾಗುತ್ತಾ ಇರುತ್ತದೆ, ಅದಕ್ಕೆ ಬೇಕಾದ ಕಬ್ಬಿಣ ಅಲಗಿನದೇ.

ಆಮೇಲೆ ಸಾಣೆ. ಸಾಣೆಕಲ್ಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಅಲಗಿನ ಇಳಿಜಾರನ್ನು ಕಲ್ಲಿಗೆ ಅಪ್ಪಿಸಿ, ಒಂದೇ ಓರೆಯಲ್ಲಿ ನಿಧಾನವಾಗಿ ತಿಕ್ಕಿದರು. ಓರೆ ತಪ್ಪಿದರೆ ಬಾಯಿ ದುಂಡಾಗುತ್ತದೆ. ಕರೆಂಟಿನ ಸಾಣೆಚಕ್ರಕ್ಕೆ ಕೊಟ್ಟರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದೆ, ಆದರೆ ಆಗಾಗ ನೀರಿಗೆ ಅದ್ದದಿದ್ದರೆ ಬಾಯಿ ಕಾದು ನವಿಲುಬಣ್ಣದ ನೀಲಿಗೆ ತಿರುಗುತ್ತದೆ. ಹದ ಮಾಡಿದ ಸಾಮಾನ್ಯ ಉಕ್ಕು ನೀಲಿಯಾಯಿತು ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ ಎಂದು ಅರ್ಥ. ಕುಲುಮೆಯಲ್ಲಿ ಅದಕ್ಕೆ ಕೊಟ್ಟಿದ್ದ ಗಟ್ಟಿತನ ಅಲ್ಲಿ ಇಳಿದುಹೋಗಿರುತ್ತದೆ. ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲುವುದಿಲ್ಲ. ಹರಿತ ಬಂತೇ ಎಂದು ಬೆರಳಿನಿಂದ ನೋಡಲಿಲ್ಲ. ಹಳೆಯ ಪತ್ರಿಕೆಯ ಹಾಳೆಯ ಮೇಲೆ ಎಳೆದರು. ಹರಿಯದೆ, ಸದ್ದಿಲ್ಲದೆ ಕತ್ತರಿಸಿತು. ಎರಡು ಅಲಗಿಗೂ ಎಣಿಸಿ ಅಷ್ಟಷ್ಟೇ ಸಲ ತಿಕ್ಕಿದರು. ಒಂದು ಸವೆದು ಇನ್ನೊಂದು ಉಳಿದರೆ ಕೆಲಸವೆಲ್ಲ ಒಂದರ ಮೇಲೆ ಬಿದ್ದು ಮೆಂಡರ್ ನಡುಗುತ್ತದೆ.

ವಾಪಸ್ ಕೂರಿಸುವುದು ನನಗೆ ಬಹಳ ಇಷ್ಟವಾದ ಭಾಗ. ಬಾಯಿ ಎಷ್ಟು ಇಣುಕಬೇಕು? ಜಾಸ್ತಿ ಇಣುಕಿದರೆ ಮರಕ್ಕೆ ಕಚ್ಚಿಕೊಳ್ಳುತ್ತದೆ, ಕಡಿಮೆ ಇಣುಕಿದರೆ ಉಜ್ಜುತ್ತದೆ. ಚಿಕ್ಕಪ್ಪ ನೋಟ್‌ಬುಕ್ಕಿನ ಹಾಳೆಯೊಂದನ್ನು ಮಡಿಸಿ ಲಾಳಿಕೆಯ ಒಳಗೋಡೆಗೆ ಒತ್ತಿ ಹಿಡಿದು, ಅದರ ದಪ್ಪಕ್ಕೆ ಬಾಯಿಯನ್ನು ಸರಿಹೊಂದಿಸಿ, ಸ್ಕ್ರೂ ಬಿಗಿದರು. ಐವತ್ತು ಗೂಟಕ್ಕೊಮ್ಮೆ ಸ್ಕ್ರೂ ನೋಡುವುದು. ನಡುಕ ಬಿಗಿಯನ್ನು ಸಡಿಲಿಸುತ್ತಲೇ ಇರುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಲಾಳಿಕೆಯೊಳಗಿನ ಹೊಟ್ಟು ಕೊಡವಿ, ಹೊಲಿಗೆ ಯಂತ್ರದ ಎಣ್ಣೆ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ. ಬ್ಯಾಟರಿ ಬಿಸಿಲು ಬೀಳದ ಗೂಡಿನಲ್ಲಿ.

ಮಾರನೇ ದಿನ ಬೆಳಿಗ್ಗೆ ಮೊದಲ ಗೂಟಕ್ಕೆ ಮತ್ತೆ ಅಗಲ ಸಿಪ್ಪೆ ಬಂತು. ತೊಗಟೆಯ ಗೆರೆ ಒಂದು ಕಡೆಯೂ ತುಂಡಾಗಿರಲಿಲ್ಲ.

ಊರಿಗೆ ಹೊರಡುವ ಹಿಂದಿನ ದಿನ ಹಳೆಯ ಸಾಲಿನ ಗೂಟಗಳನ್ನು ಕಿತ್ತೆವು. ಬಹಳಷ್ಟು ಗೂಟ ಒಂದೇ ಕಡೆ ಮುರಿದವು, ಸರಿಯಾಗಿ ನೆಲದ ಮಟ್ಟದಲ್ಲಿ. ಮರ ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ನೀರಿದೆ, ಗಾಳಿ ಕಡಿಮೆ. ಮೇಲೆ ಗಾಳಿಯಿದೆ, ಮರ ಒಣಗಿದೆ. ಎರಡೂ ಸಿಗುವುದು ನೆಲದ ಮಟ್ಟದ ನಾಲ್ಕು ಬೆರಳು ಜಾಗದಲ್ಲಿ. ಚಿಕ್ಕಪ್ಪ ಕೊಳೆತ ಭಾಗವನ್ನು ಗರಗಸದಲ್ಲಿ ಕೊಯ್ದು ಬಿಸಾಡಿದರು. ಮಣ್ಣು ಹಿಡಿದ ತುದಿಯೂ ಅದರೊಂದಿಗೆ ಹೋಯಿತು. ಉಳಿದ ಗಟ್ಟಿ ಭಾಗಕ್ಕೆ ಮೆಂಡರ್ ಹಿಡಿದರು. ಆರಡಿ ಇದ್ದ ಗೂಟ ಐದಡಿ ಆಯಿತು. ಮುಂದಿನ ವರ್ಷ ನಾಲ್ಕಾದರೆ ಬದನೆ ಸಾಲಿಗೆ, ಆಮೇಲೆ ಮೂರಾದರೆ ಮೆಣಸಿನ ಗಿಡಕ್ಕೆ. ಅದಕ್ಕೂ ಗಿಡ್ಡವಾದದ್ದು ನೀರೊಲೆಗೆ, ಬೂದಿ ತೆಂಗಿನ ಬುಡಕ್ಕೆ.

ಅಕ್ಕನ ಮಗಳು ತನ್ನ ಪೆಟ್ಟಿಗೆಯಿಂದ ಹೆಬ್ಬೆರಳಿನಷ್ಟು ಉಳಿದಿದ್ದ ಒಂದು ಪೆನ್ಸಿಲ್ ತೆಗೆದು, ಮೆಣಸಿನ ಮಡಿಯ ಪಕ್ಕದ ಗಿಡ್ಡ ಗೂಟದ ಹತ್ತಿರ ಹಿಡಿದು ನೋಡಿದಳು. ಆಮೇಲೆ ಪುಸ್ತಕದ ನಡುವೆ ಇಟ್ಟಿದ್ದ ದೊಡ್ಡ ಸಿಪ್ಪೆ ಒಣಗಿದೆಯೇ ಎಂದು ಹಾಳೆ ತೆರೆದಳು. ಅಂಚು ಸುರುಳಿಯಾಗಿತ್ತು, ಮುರಿದಿರಲಿಲ್ಲ.